ಕತ್ತಿಯಾಗದ ಫ್ಲ್ಯಾಶ್ ಗನ್ನು

ಹೋದ ಬೇಸಿಗೆ ರಜೆಯಲ್ಲಿ ತಿಪಟೂರಿನ ನಮ್ಮ ಸೋದರಮಾವನ ಮನೆಯ ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಕಾಲದಲ್ಲಿ ಕೊಬ್ಬರಿ ತುಂಬಿರುತ್ತಿದ್ದ ಅಟ್ಟ ಅದು. ಈಗ ಮುರಿದ ತೊಟ್ಟಿಲು, ತಳ ಹೋದ ಕೊಳಗ, ಮಾವ ಫೋಟೊ ಸ್ಟುಡಿಯೊ ಮುಚ್ಚಿದಾಗ ತಂದಿಟ್ಟ ಎರಡು ಟ್ರಂಕು. ಎರಡನೇ ಟ್ರಂಕಿನಲ್ಲಿ ಒಂದು ಹಳೆ ಫ್ಲ್ಯಾಶ್ ಗನ್ ಸಿಕ್ಕಿತು. ಗೇಣುದ್ದದ ಲೋಹದ ಹಿಡಿ, ತಲೆ ಮೇಲೆ ತಟ್ಟೆಯಂಥ ರಿಫ್ಲೆಕ್ಟರ್, ಪಕ್ಕದಲ್ಲೊಂದು ಗುಂಡಿ. ಕಂಪನಿ ಹೆಸರು ಅಳಿಸಿಹೋಗಿತ್ತು. ಜತೆಗೆ ಹತ್ತಿಯಲ್ಲಿ ಸುತ್ತಿಟ್ಟ ಒಂದೇ ಒಂದು ಬಲ್ಬು.

ನನ್ನ ಮಗಳು ಅದನ್ನ ಕಿತ್ತುಕೊಂಡು, ರಿಫ್ಲೆಕ್ಟರ್ ಕಳಚಿ, ಎರಡೂ ಕೈಯಲ್ಲಿ ಹಿಡಿದು ಝೂಂ ಅಂತ ಬೀಸಿದಳು. 'ಅಪ್ಪಾ, ಇದು ಲೂಕ್ ಸ್ಕೈವಾಕರ್ ಕತ್ತಿ!'

ಅವಳ ಶಾಲೆಯಲ್ಲಿ ಮಕ್ಕಳೇ ಬರೆದ ಒಂದು ನಾಟಕ ಇತ್ತು. ಬೇರೆ ಗ್ರಹದಿಂದ ಬಂದವರು ಊರಿನ ಕೆರೆ ಕದಿಯುವ ಕಥೆ. ಅದಕ್ಕೆ ಬೇಕಾದ ಆಯುಧಗಳನ್ನು ಮಾಡಿಕೊಡ್ತೀನಿ ಅಂತ ನಾನು ಮಾತು ಕೊಟ್ಟಾಗಿತ್ತು. ರಟ್ಟು, ಪೈಪು, ಬಣ್ಣ ಇಟ್ಟುಕೊಂಡು ಇಂಥವನ್ನ ಮಾಡೋದು ನನಗೆ ಮೊದಲಿನಿಂದಲೂ ಹುಚ್ಚು. ಮಾವ ಕೂತಲ್ಲಿಂದಲೇ ಹೇಳಿದ್ರು: 'ಬೇಕಾದ್ರೆ ಕೊಯ್ಕೋ. ಅದಕ್ಕೆ ಹಾಕೋ ಬಲ್ಬು ಎಲ್ಲೂ ಸಿಗಲ್ಲ.' ಬೆಂಗಳೂರಿಗೆ ತಂದೆ. ಗರಗಸವನ್ನೂ ಕೈಗೆ ತಗೊಂಡೆ. ಆದರೆ ಕೊಯ್ಯಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಗಳು ಹೇಳಿದ್ದು ತಪ್ಪೇನಲ್ಲ. ಲೂಕ್‌ನ ಬೆಳಕಿನ ಕತ್ತಿ ನಿಜವಾಗಿಯೂ ಒಂದು ಫ್ಲ್ಯಾಶ್ ಗನ್ನಿನ ಹಿಡಿ. 'ಸ್ಟಾರ್ ವಾರ್ಸ್' ಬಿಡುಗಡೆಯಾಗಿದ್ದು 1977ರ ಮೇ ತಿಂಗಳಲ್ಲಿ. ಚಿತ್ರೀಕರಣ 1976ರಲ್ಲಿ, ಟ್ಯುನೀಷಿಯಾದ ಮರಳುಗಾಡಿನಲ್ಲಿ ಮತ್ತು ಲಂಡನ್ ಹತ್ತಿರದ ಎಲ್ಸ್‌ಟ್ರೀ ಸ್ಟುಡಿಯೊದಲ್ಲಿ. ಸೆಟ್ ಅಲಂಕರಿಸುವ ಹೊಣೆ ರೋಜರ್ ಕ್ರಿಶ್ಚಿಯನ್ ಎಂಬ ಇಂಗ್ಲಿಷಿನವನದು. ಕೈಯಲ್ಲಿ ದುಡ್ಡು ಕಮ್ಮಿ, ನಿರ್ದೇಶಕ ಜಾರ್ಜ್ ಲ್ಯೂಕಾಸ್‌ನ ಬೇಡಿಕೆ ವಿಚಿತ್ರ. ಅಲ್ಲಿಯವರೆಗಿನ ಅಂತರಿಕ್ಷದ ಸಿನಿಮಾಗಳಲ್ಲಿ ಎಲ್ಲವೂ ಆಸ್ಪತ್ರೆಯ ಹಾಗೆ ಬಿಳಿ ಬಿಳಿ, ಫಳಫಳ. ಲ್ಯೂಕಾಸ್‌ಗೆ ಬೇಕಿದ್ದದ್ದು ಬಳಸಿ ಬಳಸಿ ಸವೆದ, ಎಣ್ಣೆ ಸೋರುವ, ತಗ್ಗುಬಿದ್ದ ಒಂದು ಲೋಕ. ನಮ್ಮೂರಿನ ಮೆಕ್ಯಾನಿಕ್ ಶೆಡ್ಡಿನ ಥರದ ಅಂತರಿಕ್ಷ ಅನ್ನಿ.

ಕ್ರಿಶ್ಚಿಯನ್ ಹಳೆ ವಿಮಾನಗಳ ಗುಜರಿಯನ್ನು ಕೊಂಡುತಂದು, ಎಂಜಿನ್ ತುಂಡುಗಳನ್ನು ಗೋಡೆಗೆ ಅಂಟಿಸಿದ. ಬೆಳಕಿನ ಕತ್ತಿಗೆ ಮಾತ್ರ ಏನೂ ಹೊಂದುತ್ತಿರಲಿಲ್ಲ. ಅವನೇ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡ ಹಾಗೆ, ಕೊನೆಗೆ ಲಂಡನ್ನಿನ ಒಂದು ಫೋಟೋಗ್ರಫಿ ಅಂಗಡಿಗೆ ಹೋಗಿ, ಅಪರೂಪದ್ದೇನಾದರೂ ಇದೆಯಾ ಅಂತ ಕೇಳಿದ. ಅಲ್ಲಿ ಮೂಲೆಯ ಡಬ್ಬದಲ್ಲಿ ಸಿಕ್ಕಿದ್ದು ಗ್ರಾಫ್ಲೆಕ್ಸ್ ಫ್ಲ್ಯಾಶ್ ಗನ್ನಿನ ಹಿಡಿಗಳು. ಕೆಂಪು ಗುಂಡಿ ಅದರಲ್ಲೇ ಇತ್ತು. ಕ್ರಿಶ್ಚಿಯನ್ ಅದಕ್ಕೆ ಕಪ್ಪು ಪಟ್ಟಿಗಳನ್ನು ಅಂಟಿಸಿ ಕೈಹಿಡಿ ಮಾಡಿದ. ಹಳೆ ಕ್ಯಾಲ್ಕ್ಯುಲೇಟರಿನಲ್ಲಿ ಅಂಕಿಗಳನ್ನು ದೊಡ್ಡದಾಗಿ ತೋರಿಸುವ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಚೂರೊಂದನ್ನು ಮೇಲೆ ಕೂರಿಸಿದ. ಸೊಂಟಕ್ಕೆ ನೇತುಹಾಕಲು ತುದಿಗೊಂದು ಬಳೆ ಹಾಕಿದ. ಅಷ್ಟೇ. ಮುಂದಿನ ವರ್ಷ, 1978ರಲ್ಲಿ, ಆ ಚಿತ್ರದ ಕಲಾ ನಿರ್ದೇಶನಕ್ಕೆ ಆಸ್ಕರ್ ಬಂದಾಗ ಹಂಚಿಕೊಂಡವರಲ್ಲಿ ಅವನೂ ಒಬ್ಬ.

ಇಲ್ಲಿ ಒಂದು ಪ್ರಶ್ನೆ. ಅಷ್ಟು ಒಳ್ಳೆ ವಸ್ತು ಡಬ್ಬದಲ್ಲಿ ಯಾಕೆ ಬಿದ್ದಿತ್ತು? ಅಮೆರಿಕದ ರಾಚೆಸ್ಟರಿನಲ್ಲಿ ತಯಾರಾಗುತ್ತಿದ್ದ ಗ್ರಾಫ್ಲೆಕ್ಸ್ ಕಂಪನಿಯ 'ಸ್ಪೀಡ್ ಗ್ರಾಫಿಕ್' ಕ್ಯಾಮೆರಾ 1912ರಿಂದ 1973ರವರೆಗೆ ಮಾರುಕಟ್ಟೆಯಲ್ಲಿತ್ತು. ಹಳೆ ಇಂಗ್ಲಿಷ್ ಸಿನಿಮಾಗಳಲ್ಲಿ ಹ್ಯಾಟಿಗೆ ಪತ್ರಿಕೆಯ ಚೀಟಿ ಸಿಕ್ಕಿಸಿಕೊಂಡ ಫೋಟೋಗ್ರಾಫರುಗಳು ಢಗ್ ಅಂತ ಬೆಳಕು ಹಾರಿಸ್ತಾರಲ್ಲ, ಅದೇ ಕ್ಯಾಮೆರಾ. ನ್ಯೂಯಾರ್ಕಿನ ರಾತ್ರಿಗಳನ್ನು, ಕೊಲೆಗಳನ್ನು, ಬೆಂಕಿ ಅನಾಹುತಗಳನ್ನು ಹಿಡಿದ ವೀಜೀ ಬಳಸಿದ್ದು ಇದನ್ನೇ. 1945ರಲ್ಲಿ ಇವೋ ಜಿಮಾ ದ್ವೀಪದಲ್ಲಿ ಸೈನಿಕರು ಧ್ವಜ ಎತ್ತುವ ಜೋ ರೊಸೆಂಥಾಲ್‌ನ ಫೋಟೊ ತೆಗೆದದ್ದೂ ಸ್ಪೀಡ್ ಗ್ರಾಫಿಕ್ಕೇ. ಅದರ ಪಕ್ಕಕ್ಕೆ ಕಟ್ಟುವ ಹಿಡಿಯೊಳಗೆ ದಪ್ಪ ಬ್ಯಾಟರಿ ಸೆಲ್ಲುಗಳು. ಗುಂಡಿ ಒತ್ತಿದರೆ ಬಲ್ಬು ಒಮ್ಮೆ ಉರಿದು ಸಾಯುತ್ತೆ.

ಬಲ್ಬು ಅಂದರೆ ಮನೆಯ ಬಲ್ಬಲ್ಲ. ಗಾಜಿನ ಬುರುಡೆಯೊಳಗೆ ಆಮ್ಲಜನಕ ತುಂಬಿ, ತೆಳ್ಳಗಿನ ಲೋಹದ ಹಾಳೆಯನ್ನೋ ಎಳೆಯನ್ನೋ ತುರುಕಿರುತ್ತಿದ್ದರು. ಕರೆಂಟು ಹರಿದ ಕ್ಷಣ ಅದೆಲ್ಲ ಒಟ್ಟಿಗೆ ಸುಟ್ಟು ಬೆಳಕಾಗುತ್ತಿತ್ತು. ಒಂದು ಬಲ್ಬಿಗೆ ಒಂದೇ ಫೋಟೊ. ಆಮೇಲೆ ಮತ್ತೆ ಮತ್ತೆ ಬೆಳಗುವ ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಂತು. ಒಂದೇ ಸಲ ಬೆಳಗುವುದು ಮೂಲೆ ಸೇರಿತು. ಹಾಗಾಗಿ 1970ರ ದಶಕದ ನಡುವೆ ಆ ಹಿಡಿಗಳು ಯಾರಿಗೂ ಬೇಡವಾಗಿದ್ದವು. ಕ್ರಿಶ್ಚಿಯನ್‌ಗೆ ಅಗ್ಗಕ್ಕೆ ಸಿಕ್ಕಿದ್ದು ಅದಕ್ಕೇ.

ಆಯುಧವನ್ನು ಹೊಸದಾಗಿ ಕಲ್ಪಿಸಿಕೊಳ್ಳದೆ ಇರೋದನ್ನೇ ಯಾಕೆ ಹುಡುಕಬೇಕು? ನಾನೂ ಮೊದಮೊದಲು ಕಾಗದದ ಮೇಲೆ ಏನೇನೋ ರೆಕ್ಕೆಪುಕ್ಕದ ಬಂದೂಕುಗಳನ್ನು ಬರೆದು ಮಾಡ್ತಿದ್ದೆ. ಕೈಗೆ ತಗೊಂಡರೆ ಆಟಿಕೆ ಅನ್ನೋದು ಗೊತ್ತಾಗಿಬಿಡೋದು. ಇದಕ್ಕೊಂದು ಹಳೆ ಪಾಠ ಇದೆ. 1966ರಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿಯ ಒಂದು ಕಂತಿಗೆ ಉಪ್ಪಿನ ಡಬ್ಬಿ ಬೇಕಾಯ್ತು. ಭವಿಷ್ಯದ ಕಾಲಕ್ಕೆ ಒಪ್ಪಲಿ ಅಂತ ಅಂಗಡಿಗಳಿಂದ ವಿಚಿತ್ರ ಆಕಾರದ ಡಬ್ಬಿಗಳನ್ನು ತಂದರು. ಆದರೆ ಅವು ಎಷ್ಟು ವಿಚಿತ್ರವಾಗಿದ್ದವು ಅಂದ್ರೆ, ನೋಡುವವರಿಗೆ ಉಪ್ಪಿನ ಡಬ್ಬಿ ಅಂತಲೇ ತಿಳಿಯಲ್ಲ ಅನ್ನಿಸಿ, ಮಾಮೂಲಿ ಡಬ್ಬಿಯನ್ನೇ ಬಳಸಿದರು. ತಂದದ್ದೇನು ಮಾಡೋದು? ಡಾಕ್ಟರ್ ಮೆಕಾಯ್‌ನ ಶಸ್ತ್ರಚಿಕಿತ್ಸೆಯ ಉಪಕರಣಗಳಾದವು!

ಅಂದರೆ ವಸ್ತುವಿನ ಅರ್ಧ ಭಾಗ ಪರಿಚಿತ ಇರಬೇಕು, ಅರ್ಧ ಅಪರಿಚಿತ. ಗುರುತು ಹತ್ತಬೇಕು, ಹೆಸರು ನೆನಪಾಗಬಾರದು. ಓಬಿ ವಾನ್ ಕೆನೋಬಿಯ ಕತ್ತಿ ಇದಕ್ಕೆ ಒಳ್ಳೆ ಉದಾಹರಣೆ. ಅದರಲ್ಲಿ ಡರ್ವೆಂಟ್ ಎಂಬ ರೋಲ್ಸ್ ರಾಯ್ಸ್ ಜೆಟ್ ಎಂಜಿನ್ನಿನ ಒಂದು ಕೊಳವೆ ಇದೆ. ಮೊದಲ ಮಹಾಯುದ್ಧದಲ್ಲಿ ರೈಫಲ್ಲಿನಿಂದ ಹಾರಿಸುತ್ತಿದ್ದ ಗ್ರೆನೇಡಿನ ಮೈ ಇದೆ. ಬ್ರೌನಿಂಗ್ ಮಷೀನ್ ಗನ್ನಿನ ಒಂದು ಭಾಗವೂ ಇದೆ. ಇವೆಲ್ಲದರ ತುದಿಗೆ ಒಂದು ನಲ್ಲಿಯ ತಿರುಗಣೆ! ಬಚ್ಚಲುಮನೆಯ ನಲ್ಲಿ ಮತ್ತು ಯುದ್ಧಭೂಮಿಯ ಗ್ರೆನೇಡು ಒಂದೇ ಹಿಡಿಯೊಳಗೆ ಸೇರಿಕೊಂಡರೂ ನಮಗೆ ಕಾಣೋದು ವಯಸ್ಸಾದ ಋಷಿಯೊಬ್ಬನ ಆಯುಧ ಮಾತ್ರ.

ಬಂದೂಕುಗಳ ಕಥೆ ಇನ್ನೂ ನೇರ. ಲಂಡನ್ನಿನಲ್ಲಿ ಬ್ಯಾಪ್ಟಿ ಅಂತ ಒಂದು ಕಂಪನಿ. ನಾಟಕ ಸಿನಿಮಾದವರಿಗೆ ಆಯುಧ ಬಾಡಿಗೆಗೆ ಕೊಡುವವರು. ನಮ್ಮ ಕಡೆ ಕಂಪನಿ ನಾಟಕದ ಸೀನರಿ, ಡ್ರೆಸ್ಸು ಬಾಡಿಗೆಗೆ ಸಿಕ್ತಿದ್ದವಲ್ಲ, ಹಾಗೇ. ಅಲ್ಲಿಂದ ಬಂದ ಸ್ಟರ್ಲಿಂಗ್ ಬಂದೂಕುಗಳೇ ಬಿಳಿ ರಕ್ಷಾಕವಚದ ಸ್ಟಾರ್ಮ್‌ಟ್ರೂಪರುಗಳ ಕೈಸೇರಿದವು. ಬ್ಯಾರೆಲ್ಲಿನ ತೂತುಗಳ ಸಾಲಿಗೆ ಕಪ್ಪು ಪಟ್ಟಿ ಸೇರಿಸಿದರು, ಮೇಲೊಂದು ದುರ್ಬೀನು ಕೂರಿಸಿದರು, ಮ್ಯಾಗಜೀನನ್ನು ಮೊಟಕು ಮಾಡಿದರು.

ಈ ಸ್ಟರ್ಲಿಂಗ್ ನಮಗೆ ಹೊಸದಲ್ಲ. ಜಾರ್ಜ್ ಪ್ಯಾಚೆಟ್ ಎಂಬಾತ ಎರಡನೇ ಮಹಾಯುದ್ಧದ ಕೊನೆಯಲ್ಲಿ ರೂಪಿಸಿದ ಇದನ್ನು ಬ್ರಿಟಿಷ್ ಸೈನ್ಯ 1953ರಲ್ಲಿ ಒಪ್ಪಿಕೊಂಡಿತು. ಭಾರತದಲ್ಲಿ ಇದೇ ವಿನ್ಯಾಸ ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಯ್ತು, ಹೆಸರು 'ಕಾರ್ಬೈನ್ 1ಎ'. ಬಂದೋಬಸ್ತಿನ ಪೊಲೀಸರ ಹೆಗಲಲ್ಲಿ ತೂತುತೂತು ಬ್ಯಾರೆಲ್ಲಿನ, ಎಡಗಡೆಗೆ ಮ್ಯಾಗಜೀನು ಚಾಚಿದ ಗಿಡ್ಡ ಬಂದೂಕು ನೋಡಿದ್ದೀರಲ್ಲ? ಅದೇ. ನಾನು ಕಾಲೇಜಿನಲ್ಲಿದ್ದಾಗ ಮೊದಲ ಸಲ ಸ್ಟಾರ್ ವಾರ್ಸ್ ನೋಡಿ, 'ಅರೆ, ಇದು ನಮ್ಮ ಪೊಲೀಸರ ಗನ್ನು' ಅಂದಿದ್ದೆ. ಗೆಳೆಯರು ನಕ್ಕಿದ್ದರು. ನಾನು ಹೇಳಿದ್ದು ಸರಿಯಿತ್ತು ಅಂತ ಗೊತ್ತಾಗಲು ಹದಿನೈದು ವರ್ಷ ಬೇಕಾಯ್ತು.

ಹಾನ್ ಸೋಲೋನ ಪಿಸ್ತೂಲಿಗೆ ಬೆಂಗಳೂರಿನ ನಂಟೂ ಇದೆ. ಅದರ ಮೂಲ ಜರ್ಮನಿಯ ಮೌಸರ್ ಸಿ96. ಹೆಸರೇ ಹೇಳುವಂತೆ 1896ರದ್ದು. ಪೊರಕೆ ಹಿಡಿಯಂಥ ಗುಂಡನೆ ಹಿಡಿ, ಮುಂದೆ ಚೌಕಾಕಾರದ ಮ್ಯಾಗಜೀನು. ಅದೇ 1896ರ ಅಕ್ಟೋಬರಿನಲ್ಲಿ ಇಪ್ಪತ್ತೊಂದು ವರ್ಷದ ಸೈನ್ಯಾಧಿಕಾರಿಯೊಬ್ಬ ಹಡಗಿನಿಂದ ಮುಂಬಯಿಯ ಸಾಸೂನ್ ಡಾಕಿನಲ್ಲಿ ಇಳಿದ. ಅಲೆಗೆ ದೋಣಿ ಕುಣಿಯುತ್ತಿತ್ತು. ಗೋಡೆಯ ಕಬ್ಬಿಣದ ಬಳೆ ಹಿಡಿದುಕೊಂಡವನ ಬಲಭುಜ ಉಳುಕಿತು. ಅಲ್ಲಿಂದ ಅವನು ಬಂದದ್ದು ನಮ್ಮ ಬೆಂಗಳೂರು ದಂಡಿಗೆ. ಆತ ವಿನ್‌ಸ್ಟನ್ ಚರ್ಚಿಲ್. ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದದ್ದು ಎಲ್ಲರಿಗೂ ಗೊತ್ತು. ಆ ಭುಜದ ನೋವು ಮಾತ್ರ ಅವನ ಜತೆಗೇ ಹೋಯ್ತು. 1898ರ ಸೆಪ್ಟೆಂಬರ್ 2ರಂದು ಸುಡಾನಿನ ಓಮ್ದರ್ಮನ್ ಯುದ್ಧದಲ್ಲಿ ಕುದುರೆ ದಾಳಿಗೆ ಹೊರಟಾಗ, ಭುಜದ ಭಯಕ್ಕೆ ಕತ್ತಿ ಬಿಟ್ಟು ಮೌಸರ್ ಹಿಡಿದ. ಅದೇ ತನ್ನನ್ನು ಉಳಿಸಿತು ಅನ್ನೋದು ಅವನ ನಂಬಿಕೆ.

ಎಂಬತ್ತು ವರ್ಷ ಕಳೆಯುವ ಮೊದಲೇ ಅದೇ ಮಾದರಿಯ ಪಿಸ್ತೂಲಿಗೆ ಒಂದು ದುರ್ಬೀನು, ತುದಿಗೆ ಜರ್ಮನ್ ವಿಮಾನದ ಮಷೀನ್ ಗನ್ನಿನ ಮೂತಿ ಸೇರಿಸಿ ಅಂತರಿಕ್ಷದ ಕಳ್ಳಸಾಗಣೆದಾರನ ಸೊಂಟಕ್ಕೆ ಕಟ್ಟಿದರು. ಆ ಸಿನಿಮಾಗೆ ಮಾಡಿದ ಒಂದು ಪಿಸ್ತೂಲು 2022ರಲ್ಲಿ ಅಮೆರಿಕದ ಹರಾಜಿನಲ್ಲಿ 10 ಲಕ್ಷ ಡಾಲರ್‌ಗೂ ಮೇಲೆ ಹೋಯ್ತು.

ಓಮ್ದರ್ಮನ್ ಅಂದೆನಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಆ ಒಂದು ಬೆಳಿಗ್ಗೆ ಬ್ರಿಟಿಷರ ಮ್ಯಾಕ್ಸಿಮ್ ಗನ್ನು, ಫಿರಂಗಿ, ರೈಫಲ್ಲುಗಳ ಎದುರು ಸತ್ತ ಸುಡಾನಿಗಳು ಸುಮಾರು 10 ಸಾವಿರ. ಬ್ರಿಟಿಷರ ಕಡೆ ಸತ್ತವರು 50ರ ಆಸುಪಾಸು. ಅದೇ 1898ರಲ್ಲಿ ಎಚ್.ಜಿ. ವೆಲ್ಸ್‌ನ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಪುಸ್ತಕವಾಗಿ ಬಂತು. ಮಂಗಳ ಗ್ರಹದವರು ಉರಿಯುವ ಕಿರಣ ಬಿಟ್ಟು ಇಂಗ್ಲಿಷರನ್ನು ಬೂದಿ ಮಾಡುವ ಕಥೆ. ಯುರೋಪಿನವರು ಟಾಸ್ಮೇನಿಯಾದ ಜನರನ್ನು ಅಳಿಸಿಹಾಕಿದ್ದನ್ನು ವೆಲ್ಸ್ ಮೊದಲ ಅಧ್ಯಾಯದಲ್ಲೇ ನೆನಪಿಸುತ್ತಾನೆ. ಎದುರಿಗೆ ನಿಂತವನಿಗೆ ಏನಾಯ್ತು ಅಂತಲೂ ಗೊತ್ತಾಗದೆ ಸಾಯೋದು ಆಗಲೇ ಈ ಭೂಮಿಯ ಮೇಲೆ ನಡೆದಿತ್ತು. ವೆಲ್ಸ್ ಆ ಬಂದೂಕನ್ನು ತನ್ನವರ ಕಡೆಗೇ ತಿರುಗಿಸಿ ತೋರಿಸಿದ, ಅಷ್ಟೇ.

ಆ ಕಿರಣ ಆಟಿಕೆಯಾಗಲು ನಾಲ್ಕು ದಶಕವೂ ಬೇಕಾಗಲಿಲ್ಲ. 1934ರಲ್ಲಿ ಅಮೆರಿಕದ ಡೈಸಿ ಕಂಪನಿ 'ಬಕ್ ರೋಜರ್ಸ್' ಚಿತ್ರಕಥೆಯ ರಾಕೆಟ್ ಪಿಸ್ತೂಲನ್ನು ಮಕ್ಕಳಿಗಾಗಿ ಮಾರುಕಟ್ಟೆಗೆ ಬಿಟ್ಟಿತು. ತಗಡಿನದು, ಒತ್ತಿದರೆ ಸದ್ದು. ಅಂದಿನಿಂದ ಇಂದಿನವರೆಗೂ ಮಕ್ಕಳ ಕೈಲಿರುವ ಲೇಸರ್ ಗನ್ನುಗಳೆಲ್ಲ ಅದರ ಮರಿಮಕ್ಕಳೇ.

ಇಷ್ಟೆಲ್ಲ ಓದಿದ ಮೇಲೆ ಗರಗಸ ಹಿಡಿದ ನನ್ನ ಕೈಗೆ ಸ್ವಲ್ಪ ಸಂಕೋಚ ಆಯ್ತು. ನಾವು ಮಾಡುವ ಆಯುಧ ಸುಳ್ಳು ಇರಬಹುದು, ಆದರೆ ಅದರ ಆಕಾರ ಸುಳ್ಳಲ್ಲ. ಅದು ಯಾರದೋ ಕೈಯಿಂದ ಬಂದದ್ದು. ಹಾಗಂತ ಮಕ್ಕಳಾಟಕ್ಕೆ ಆಯುಧ ಮಾಡಲೇಬಾರದು ಅನ್ನುವಷ್ಟು ಸಾಧುವೂ ನಾನಲ್ಲ. ಯಕ್ಷಗಾನ, ದೊಡ್ಡಾಟ ನೋಡಿ ಬೆಳೆದವರು ನಾವು. ಮರದ ಗದೆ, ಬೇಗಡೆ ಅಂಟಿಸಿದ ಬಿಲ್ಲು ಇಲ್ಲದೆ ಭೀಮ ಅರ್ಜುನರು ರಂಗಕ್ಕೆ ಬರೋದು ಹೇಗೆ?

ಹಾಗಾದ್ರೆ ಸ್ಫೂರ್ತಿಯನ್ನು ನಮ್ಮ ಕಡೆಯೇ ಹುಡುಕಿದರೆ? 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಹೈದರ್, ಟಿಪ್ಪು ಕಾಲದವು. ಒಂದಡಿ ಆಸುಪಾಸು ಉದ್ದದ ಕಬ್ಬಿಣದ ಕೊಳವೆಗಳು. ಪತ್ರಿಕೆಯಲ್ಲಿ ಫೋಟೊ ನೋಡಿದಾಗ ನನಗೆ ಮೊದಲು ಅನ್ನಿಸಿದ್ದು 'ಇದು ಫ್ಲ್ಯಾಶ್ ಗನ್ನಿನ ಹಿಡಿಯ ಹಾಗೇ ಇದೆಯಲ್ಲ' ಅಂತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಥ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಒಯ್ದರು. ಅದನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ. ಇರುವುದನ್ನು ನೋಡಿ ಹೊಸದು ಮಾಡೋದು ಸಿನಿಮಾದವರು ಕಂಡುಹಿಡಿದದ್ದೇನಲ್ಲ ಅನ್ನಿ. ಟಿಪ್ಪುವಿನ ಕತ್ತಿ, ಬಂದೂಕುಗಳ ಮೇಲಿನ ಹುಲಿಪಟ್ಟೆಯಂತೂ ಇವತ್ತಿಗೂ ದೂರದಿಂದಲೇ ಗುರುತು ಹತ್ತುತ್ತೆ.

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಎಸ್.ಪಿ. ರೋಡು, ಚಿಕ್ಕಪೇಟೆ ಕಡೆಯ ಸಂಡೇ ಬಜಾರು ಸುತ್ತಿದೆ. ಅವಳಿಗೆ ಒಂದೇ ನಿಯಮ ಹೇಳಿದ್ದೆ: 'ಇದು ಏನು ಅಂತ ನೋಡಬೇಡ, ಕೈಗೆ ಹೇಗೆ ಕೂರುತ್ತೆ ನೋಡು.' ಒಂದು ನಲ್ಲಿಯ ತಿರುಗಣೆ, ಸೈಕಲ್ ಹ್ಯಾಂಡಲ್ಲಿನ ರಬ್ಬರು, ಮಿಕ್ಸಿಯ ಹಲ್ಲುಚಕ್ರ, ಕುಕ್ಕರಿನ ಹಳೆ ವೆಯ್ಟು ಸಿಕ್ಕವು. ಮನೆಯಲ್ಲಿ ಪಿವಿಸಿ ಪೈಪಿತ್ತು. ಹಗುರ ಇದ್ದರೆ ಬೀಸುವ ಕೈ ಸುಳ್ಳು ಹೇಳುತ್ತೆ, ಅದಕ್ಕೇ ಒಳಗೆ ಒದ್ದೆ ಮಾಡಿ ಒಣಗಿಸಿದ ಮರಳು ತುಂಬಿ ಬಿಗಿದೆವು. ಪ್ರೈಮರ್ ಹೊಡೆದು, ಬೆಳ್ಳಿ ಬಣ್ಣ ಹಚ್ಚಿ, ಒಣಗಿದ ಮೇಲೆ ಕಪ್ಪು ಬೂಟ್ ಪಾಲಿಶ್ ಬಳಿದು ಬಟ್ಟೆಯಲ್ಲಿ ಒರೆಸಿದೆವು. ಸಂದುಗಳಲ್ಲಿ ಕಪ್ಪು ಉಳಿಯಿತು, ಅಂಚುಗಳು ಹೊಳೆದವು. ನೋಡನೋಡುತ್ತಲೇ ಅದಕ್ಕೆ ನೂರು ವರ್ಷ ವಯಸ್ಸಾಯ್ತು. ಹುಲಿಪಟ್ಟೆ ಮಗಳೇ ಬರೆದಳು. ಬಂದೂಕಿನ ಆಕಾರದವುಗಳ ಮೂತಿಗೆ ಮಾತ್ರ ಕಡು ಕಿತ್ತಳೆ ಬಳಿದೆ. ನಾಟಕದ ಸಾಮಾನನ್ನು ದಾರಿಯಲ್ಲಿ ನೋಡಿ ಯಾರೂ ಗಾಬರಿಯಾಗಬಾರದು. ಈ ಕೆಲಸ ಮಾಡುವ ಎಲ್ಲರಿಗೂ ಇದು ನನ್ನ ಕಟ್ಟುನಿಟ್ಟಿನ ಸಲಹೆ.

ಇನ್ನು ಆ ಫ್ಲ್ಯಾಶ್ ಗನ್ನು.

ನಮ್ಮಜ್ಜಿಯ ಒಂದೇ ಒಂದು ಫೋಟೊ ನಮ್ಮ ವಂಶದಲ್ಲಿದೆ. 1971ರಲ್ಲಿ ಚಿಕ್ಕಮ್ಮನ ಮದುವೆಯಲ್ಲಿ ಮಾವ ತೆಗೆದದ್ದು. ಅದರಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದಾಳೆ. ಚಿಕ್ಕಂದಿನಿಂದ ಗೋಡೆ ಮೇಲೆ ಆ ಮುಚ್ಚಿದ ಕಣ್ಣುಗಳನ್ನು ನೋಡಿ, ದೇವರಿಗೆ ಕೈಮುಗಿಯುವಾಗ ತೆಗೆದದ್ದು ಅಂತಲೇ ನಾನು ಅಂದುಕೊಂಡಿದ್ದೆ. ಕೊಯ್ಯುವ ಮೊದಲು ಒಂದು ಮಾತು ಕೇಳೋಣ ಅಂತ ಮಾವನಿಗೆ ಫೋನ್ ಮಾಡಿದಾಗ ಅವರು ಹೇಳಿದ್ರು: 'ಇದೇ ಗನ್ನು ಕಣೋ. ಬಲ್ಬು ಉರಿದ ಬೆಳಕಿಗೆ ಅಮ್ಮ ಬೆಚ್ಚಿ ಕಣ್ಣು ಮುಚ್ಚಿಬಿಟ್ಟಳು. ಇನ್ನೊಂದು ತೆಗಿಯೋಣ ಅಂದ್ರೆ ಉಳಿದಿದ್ದದ್ದು ಒಂದೇ ಬಲ್ಬು. ಅದು ಹೆಣ್ಣು ಗಂಡು ಹಾರ ಹಾಕೋದಕ್ಕೆ ಇಟ್ಕೊಂಡಿದ್ದೆ. ಆಮೇಲೆ ಅದನ್ನೂ ಹಾರಿಸಲಿಲ್ಲ, ಅಷ್ಟರಲ್ಲಿ ಕರೆಂಟು ಬಂತು.'

ಹತ್ತಿಯಲ್ಲಿ ಸುತ್ತಿಟ್ಟಿದ್ದ ಬಲ್ಬು ಅದೇನಾ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಪ್ರಪಂಚದ ಅದೆಷ್ಟೋ ಕಡೆ ಅಭಿಮಾನಿಗಳು ಗ್ರಾಫ್ಲೆಕ್ಸ್ ಹಿಡಿಗಳನ್ನು ಹುಡುಕಿ ಹುಡುಕಿ ಕೊಂಡು ಕತ್ತಿ ಮಾಡಿಕೊಳ್ಳುತ್ತಾರೆ. ಹಳೆ ಕ್ಯಾಮೆರಾ ಸಂಗ್ರಹಿಸುವವರಿಗೆ ಅದೊಂದು ಹೊಟ್ಟೆಯುರಿ. ಕ್ಯಾಮೆರಾ ಇದ್ದರೆ ಹಿಡಿ ಇಲ್ಲ, ಹಿಡಿ ಇದ್ದರೆ ರಿಫ್ಲೆಕ್ಟರ್ ಇಲ್ಲ. ಕ್ರಿಶ್ಚಿಯನ್ ಯಾರಿಗೂ ಬೇಡವಾದದ್ದನ್ನು ಎತ್ತಿಕೊಂಡು ಅದಕ್ಕೊಂದು ಎರಡನೇ ಜನ್ಮ ಕೊಟ್ಟ. ನಮ್ಮ ಮನೆಯದ್ದಕ್ಕೆ ಇನ್ನೂ ಮೊದಲನೇ ಜನ್ಮವೇ ಮುಗಿದಿರಲಿಲ್ಲ.

ನಾಟಕ ಚೆನ್ನಾಗಿ ಆಯ್ತು. ಕೆರೆ ಉಳಿಯಿತು. ನಲ್ಲಿ ತಿರುಗಣೆಯ ಕತ್ತಿ ಎರಡನೇ ದೃಶ್ಯದಲ್ಲಿ ಬಿಚ್ಚಿಕೊಂಡು ಸ್ವಲ್ಪ ಮರಳು ವೇದಿಕೆ ಮೇಲೆಲ್ಲ ಚೆಲ್ಲಿತು. 'ಕೆರೆ ಬತ್ತಿದ್ದಕ್ಕೆ ಸಾಕ್ಷಿ' ಅಂತ ನನ್ನ ಮಗಳು ಅಲ್ಲೇ ಒಂದು ಮಾತು ಸೇರಿಸಿ ಚಪ್ಪಾಳೆ ಗಿಟ್ಟಿಸಿದಳು. ಫ್ಲ್ಯಾಶ್ ಗನ್ನು ರಿಫ್ಲೆಕ್ಟರ್ ಸಮೇತ ಈಗ ಅಜ್ಜಿಯ ಫೋಟೊ ಕೆಳಗಿನ ಗೂಡಿನಲ್ಲಿದೆ. ಪಕ್ಕದಲ್ಲಿ, ಹತ್ತಿಯ ಮೇಲೆ, ಆ ಬಲ್ಬು. ಅದನ್ನೊಮ್ಮೆ ಹಾರಿಸಿ ನೋಡೋಣ ಅಂತ ಮಗಳು ವಾರಕ್ಕೊಂದು ಸಲ ಕೇಳ್ತಾಳೆ. ಮಾವನಿಗೆ ಮುಂದಿನ ತಿಂಗಳು ಎಂಬತ್ತು ತುಂಬುತ್ತೆ. ಅವತ್ತು ಅವರನ್ನೇ ಕೇಳು, ಯಾರ ಫೋಟೊಗೆ ಅಂತ ಅವರೇ ತೀರ್ಮಾನ ಮಾಡಲಿ ಅಂದಿದ್ದೀನಿ.